ಉಸಿರಿನ ಜಾಗಕ್ಕೆ ಮೂವತ್ತು ಸೆಕೆಂಡು: 2014ರ ನಂತರದ ಕಬಡ್ಡಿ, ಒಂದು ಪ್ರಕರಣ ಅಧ್ಯಯನ

ನಮ್ಮ ದಕ್ಷಿಣ ಕನ್ನಡದ ಕಡೆ ಮಳೆ ಬಿಟ್ಟು ಗದ್ದೆ ಕೊಯ್ಲು ಮುಗಿದರೆ ಸಾಕು, ಕಬಡ್ಡಿ ಪಂದ್ಯಾಟದ ಪೋಸ್ಟರುಗಳು ಕಾಣಿಸಿಕೊಳ್ಳುತ್ತವೆ. ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ, ಹಾಲಿನ ಸೊಸೈಟಿಯ ಬಾಗಿಲ ಮೇಲೆ, ಈಗಂತೂ ಜಾಸ್ತಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ. ನಾನು ಚಿಕ್ಕವನಿದ್ದಾಗ ಅವುಗಳ ಮೇಲೆ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ' ಎಂದಷ್ಟೇ ಇರುತ್ತಿತ್ತು. ಈಗ ಅದರ ಹಿಂದೆ ಇನ್ನೆರಡು ಪದ ಸೇರಿವೆ: 'ಪ್ರೊ ಮಾದರಿಯ'. ಅಂದರೆ ತಂಡಕ್ಕೊಬ್ಬ ಮಾಲೀಕ, ಊರಿನ ಹುಡುಗರದ್ದೇ ಹರಾಜು, ಬೆನ್ನ ಮೇಲೆ ಹೆಸರಿರುವ ಜೆರ್ಸಿ, ಮಣ್ಣಿನ ಬದಲು ಬಾಡಿಗೆಗೆ ತಂದ ಮ್ಯಾಟ್.

ಇಂಥ ಪಂದ್ಯಾಟಗಳಲ್ಲಿ ನಾನು ಹಲವು ವರ್ಷ ಅಂಕ ಬರೆಯುವ ಮೇಜಿನ ಹಿಂದೆ ಕೂತಿದ್ದೇನೆ. ಅಲ್ಲಿಂದ ನೋಡಿದ್ದನ್ನೂ, ದೊಡ್ಡ ಅಂಕಣಗಳಲ್ಲಿ ನಡೆದದ್ದನ್ನೂ ಸೇರಿಸಿ ಈ ಆಟಕ್ಕೆ ಏನಾಯಿತು ಎಂದು ಬರೆಯಬೇಕು ಅನ್ನಿಸಿತು. ಜಾಗತೀಕರಣ ಅಂದ ಕೂಡಲೇ ಹೊರಗಿನ ಆಟ ಬಂದು ನಮ್ಮದನ್ನು ನುಂಗಿತು ಎನ್ನುವ ಮಾತು ಬರುತ್ತದೆ. ಕಬಡ್ಡಿಯ ಕಥೆ ಹಾಗಿಲ್ಲ. ನಮ್ಮ ಆಟವೇ ಹೊರಗೆ ಹೋಯಿತು, ಅಲ್ಲಿ ಬೇರೆ ಬಟ್ಟೆ ಹಾಕಿಕೊಂಡಿತು, ತಿರುಗಿ ನಮ್ಮೂರ ಗದ್ದೆಗೆ ಬಂತು. ಬಂದಾಗ ಅದನ್ನು ನಾವೇ ಹೊಸದಾಗಿ ಕಲಿಯಬೇಕಾಯಿತು.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಅಲ್ಲಿ ಕಬಡ್ಡಿ ಆಡಿ ತೋರಿಸಿದ್ದರು. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಅದು ಪದಕದ ಆಟವಾಯಿತು. ಅಲ್ಲಿಂದ 2014ರ ತನಕ ಏಳು ಏಷ್ಯನ್ ಗೇಮ್ಸ್, ಪುರುಷರ ಏಳೂ ಚಿನ್ನ ಭಾರತಕ್ಕೆ. ಪಂಜಾಬಿನ ವೃತ್ತಾಕಾರದ ಕಬಡ್ಡಿ ವಲಸೆ ಹೋದವರ ಜೊತೆ ಕೆನಡಾ, ಇಂಗ್ಲೆಂಡಿಗೆ ಹೋಗಿ ಅಲ್ಲೇ ಬೇರು ಬಿಟ್ಟಿತ್ತು. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚಾನೆಲ್ 4 ಟೀವಿಯಲ್ಲಿ ಕಬಡ್ಡಿ ಪ್ರಸಾರವೂ ಆಗಿತ್ತು. ಆದರೆ ಇಲ್ಲಿ ಮನೆಮನೆಯ ಟೀವಿಗೆ ಕಬಡ್ಡಿ ಬಂದಿರಲಿಲ್ಲ. ದೇಶಕ್ಕೆ ಚಿನ್ನ ತಂದ ಆಟಗಾರ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕೆಲಸ ಸಿಕ್ಕರೆ ನೆಮ್ಮದಿ ಎಂದುಕೊಳ್ಳುತ್ತಿದ್ದ.

2014ರ ಜುಲೈ 26ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಆನಂದ್ ಮಹೀಂದ್ರಾ ಮತ್ತು ಕಾಮೆಂಟೇಟರ್ ಚಾರು ಶರ್ಮಾ ಸೇರಿ ಕಟ್ಟಿದ ಮಶಾಲ್ ಸ್ಪೋರ್ಟ್ಸ್ ಅದರ ಸಂಘಟಕ. ಎಂಟು ತಂಡಗಳು. ಮೊದಲ ಸೀಸನ್ನನ್ನು ಸುಮಾರು 43.5 ಕೋಟಿ ಜನ ನೋಡಿದರು ಎಂದು ಲೆಕ್ಕ ಬಂತು. ಆ ವರ್ಷ ಅದಕ್ಕಿಂತ ಜಾಸ್ತಿ ಜನ ನೋಡಿದ ಲೀಗ್ ಅಂದರೆ ಐಪಿಎಲ್ ಒಂದೇ. ಮರುವರ್ಷ ಸ್ಟಾರ್ ಇಂಡಿಯಾ ಶೇ. 74ರಷ್ಟು ಪಾಲು ಕೊಂಡಿತು. ಸ್ಟಾರ್ ಆಗ ಅಮೆರಿಕದ ಟ್ವೆಂಟಿಫಸ್ಟ್ ಸೆಂಚುರಿ ಫಾಕ್ಸ್ ಕಂಪನಿಯದು, 2019ರಲ್ಲಿ ಡಿಸ್ನಿಯ ಪಾಲಾಯಿತು. 2017ರಲ್ಲಿ ಚೀನಾದ ಮೊಬೈಲ್ ಕಂಪನಿ ವಿವೋ ಐದು ವರ್ಷಕ್ಕೆ 300 ಕೋಟಿ ರೂಪಾಯಿಗೆ ಲೀಗಿನ ಹೆಸರಿನ ಮುಂದೆ ತನ್ನ ಹೆಸರು ಹಾಕಿಸಿಕೊಂಡಿತು. ಗದ್ದೆಯಲ್ಲಿ ಚಡ್ಡಿ ಹಾಕಿಕೊಂಡು ಆಡುತ್ತಿದ್ದ ಆಟದ ಲಾಭನಷ್ಟವನ್ನು ಅಮೆರಿಕದಲ್ಲೂ ಚೀನಾದಲ್ಲೂ ಕೂತು ನೋಡುವ ಕಾಲ ಮೂರೇ ವರ್ಷದಲ್ಲಿ ಬಂತು.

ಗಡಿಯಾರ ಬಂತು

ಟೀವಿಗೆ ಬೇಕಾದ ಹಾಗೆ ಆಟ ಬದಲಾಯಿತು. ಮೂರು ಬದಲಾವಣೆ ಎಲ್ಲರಿಗೂ ಗೊತ್ತು. ಒಂದು ರೈಡಿಗೆ, ಅಂದರೆ ಒಬ್ಬ ಆಟಗಾರ ಎದುರಾಳಿಯ ಅಂಕಣಕ್ಕೆ ನುಗ್ಗಿ ಬರುವುದಕ್ಕೆ, 30 ಸೆಕೆಂಡು. ಎರಡು ರೈಡ್ ಖಾಲಿ ಹೋದರೆ ಮೂರನೆಯದು 'ಡು ಆರ್ ಡೈ', ಅಂಕ ತರದೆ ಬಂದರೆ ಔಟ್. ಮೂರೋ ಅದಕ್ಕಿಂತ ಕಡಿಮೆಯೋ ಜನ ಉಳಿದಿರುವಾಗ ರೈಡರ್‌ನನ್ನು ಹಿಡಿದರೆ 'ಸೂಪರ್ ಟ್ಯಾಕಲ್', ಒಂದು ಅಂಕ ಹೆಚ್ಚು. ಕೊನೆಯ ಎರಡು ನಿಯಮ ಆಟಕ್ಕೆ ಬಹಳ ಒಳ್ಳೆಯದನ್ನೇ ಮಾಡಿದವು. ಮೊದಲೆಲ್ಲ ಮುಂದಿರುವ ತಂಡ ಸುಮ್ನೆ ಗೆರೆ ದಾಟಿ ಬಂದು ಹೊತ್ತು ಕಳೆಯುತ್ತಿತ್ತು. ಈಗ ಹಾಗೆ ಮಾಡಲು ಬರುವುದಿಲ್ಲ. ಸೋಲುತ್ತಿರುವ ತಂಡಕ್ಕೂ ಕೊನೆಯ ನಿಮಿಷದ ತನಕ ಆಸೆ ಇರುತ್ತದೆ.

ಆದರೆ ನನಗೆ ನಿಜವಾಗಿ ದೊಡ್ಡದಾಗಿ ಕಾಣುವುದು ಆ 30 ಸೆಕೆಂಡು. ಅದು ಉಸಿರಿನ ಜಾಗದಲ್ಲಿ ಬಂದು ಕೂತಿದೆ.

ನಮ್ಮ ಕಡೆಯ ಹಳೆಯ ಆಟಗಾರರಿಗೆ ಕಬಡ್ಡಿ ಅಂದರೆ ಮೊದಲು ಉಸಿರು. ನನ್ನ ಸೋದರಮಾವ ಯೌವನದಲ್ಲಿ ಕೆರೆಯಲ್ಲಿ ಮುಳುಗಿ ಉಸಿರು ಬಿಗಿಹಿಡಿದು ಅಭ್ಯಾಸ ಮಾಡುತ್ತಿದ್ದರಂತೆ. ಎದುರಾಳಿಯ ಅಂಕಣಕ್ಕೆ ಕಾಲಿಟ್ಟ ಮೇಲೆ 'ಕಬಡ್ಡಿ ಕಬಡ್ಡಿ' ಎಂದು ಒಂದೇ ಉಸಿರಿನಲ್ಲಿ, ಅಂಪೈರಿಗೆ ಕೇಳುವ ಹಾಗೆ ಹೇಳುತ್ತಲೇ ಇರಬೇಕು. ಅಲ್ಲಿ ಉಸಿರು ಬಿಟ್ಟರೆ ಔಟ್. ರೈಡರ್ ಎಷ್ಟು ಹೊತ್ತು ಒಳಗಿರಬಹುದು ಎನ್ನುವುದನ್ನು ಅವನ ಎದೆಗೂಡು ಹೇಳುತ್ತಿತ್ತು. ಹಿಡಿಯುವವರೂ ಅದನ್ನೇ ಕಾಯುತ್ತಿದ್ದರು. ದನಿ ಸಣ್ಣಗಾಯಿತೋ, ಕಬಡ್ಡಿಯ 'ಡ್ಡಿ' ತೇಲಿತೋ, ಆಗ ಸರಪಳಿ ಕಟ್ಟಿ ಮೇಲೆ ಬೀಳುತ್ತಿದ್ದರು. ಕಿವಿಯಿಂದ ಆಡುವ ಆಟ ಅದು.

ಇದರಲ್ಲಿ ಜಗಳವೂ ಇತ್ತು, ಅದನ್ನು ಮುಚ್ಚಿಡಬಾರದು. ಉಸಿರು ಕದಿಯುವವರು ಇದ್ದರು. ಮುಖ ಆಚೆ ತಿರುಗಿಸಿ ಒಂದು ಗುಟುಕು ಗಾಳಿ ಎಳೆದುಕೊಂಡು ಮತ್ತೆ ಶುರು ಮಾಡುತ್ತಿದ್ದರು. ಅಂಪೈರ್ ಸೀಟಿ ಊದಿದರೆ ಊರಿಗೆ ಊರೇ ಅಂಕಣಕ್ಕೆ ಇಳಿಯುತ್ತಿತ್ತು. ಒಂದು ಸಲ ಇಂಥದ್ದೇ ಗಲಾಟೆಯಲ್ಲಿ ನನ್ನ ಅಂಕದ ಹಾಳೆಯನ್ನೇ ಯಾರೋ ಹರಿದು ಹಾಕಿದ್ದರು. ಗಡಿಯಾರದ ಮುಂದೆ ಈ ತಕರಾರು ನಡೆಯುವುದಿಲ್ಲ. 30 ಅಂದರೆ 30.

'ಕಬಡ್ಡಿ' ಎನ್ನಬೇಕು ಎನ್ನುವ ನಿಯಮ ಪುಸ್ತಕದಲ್ಲಿ ಈಗಲೂ ಇದೆ. ಆದರೆ ಸ್ಟೇಡಿಯಮ್ಮಿನ ಸಂಗೀತ, ಪ್ರೇಕ್ಷಕರ ಕೂಗಿನ ನಡುವೆ ಅದು ಯಾರಿಗೆ ಕೇಳಬೇಕು? ತುಟಿ ಅಲುಗುತ್ತದೆ, ಅಷ್ಟೇ. ಮಾವ ಟೀವಿಯಲ್ಲಿ ಮೊದಲ ಬಾರಿ ಪ್ರೊ ಕಬಡ್ಡಿ ನೋಡಿದಾಗ ಕೇಳಿದ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ: "ಇವನ ಉಸಿರು ಮುಗಿಯುವ ಮೊದಲೇ ಟೈಮ್ ಮುಗೀತಲ್ಲ ಮಾರಾಯ, ಹಾಗಾದರೆ ಇವನ ಉಸಿರು ಎಷ್ಟು ಉಂಟು ಅಂತ ಗೊತ್ತಾಗುವುದು ಹೇಗೆ?" ಉತ್ತರ ನನ್ನ ಹತ್ತಿರ ಇರಲಿಲ್ಲ. ಈಗಲೂ ಇಲ್ಲ.

ಉಸಿರು ಒಬ್ಬೊಬ್ಬರಿಗೂ ಬೇರೆ. ಗಡಿಯಾರ ಎಲ್ಲರಿಗೂ ಒಂದೇ. ಟೀವಿಯಲ್ಲಿ ಮಾರಬೇಕಾದ, ಹತ್ತು ದೇಶದವರು ಕೂತು ನೋಡಬೇಕಾದ ಆಟಕ್ಕೆ ಎಲ್ಲರಿಗೂ ಒಂದೇ ಆದದ್ದು ಬೇಕಾಗುತ್ತದೆ. ಪರದೆಯ ಮೂಲೆಯಲ್ಲಿ ಇಳಿಯುವ ಅಂಕೆ ಕೊರಿಯಾದವನಿಗೂ ಅರ್ಥವಾಗುತ್ತದೆ, ದನಿ ತೇಲಿದ್ದು ಅರ್ಥವಾಗುವುದಿಲ್ಲ. ಈ ಬದಲಾವಣೆ ಯಾಕೆ ಆಯಿತು ಎನ್ನುವುದು ನನಗೆ ಪೂರ್ತಿ ಅರ್ಥವಾಗುತ್ತದೆ. ಕಳೆದುಕೊಂಡದ್ದು ಚಿಕ್ಕದು ಎಂದು ಮಾತ್ರ ಒಪ್ಪಲಾರೆ.

ದುಡ್ಡು ಮತ್ತು ಊರು

ದುಡ್ಡಿನ ಬಗ್ಗೆ ನನಗೆ ತಕರಾರಿಲ್ಲ. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದವರು ರಾಕೇಶ್ ಕುಮಾರ್, 12.80 ಲಕ್ಷ ರೂಪಾಯಿ. 2018ರಲ್ಲಿ ಮೋನು ಗೋಯತ್‌ಗೆ 1.51 ಕೋಟಿ. 2023ರಲ್ಲಿ ಪವನ್ ಸೆಹ್ರಾವತ್‌ಗೆ 2.60 ಕೋಟಿಗೂ ಹೆಚ್ಚು. ಮಂಡಿ ಚಿಪ್ಪು ಜಾರಿದರೆ ಊರಿನ ಎಣ್ಣೆ ಹಚ್ಚಿಕೊಂಡು ಮನೆಯಲ್ಲಿ ಕೂರುತ್ತಿದ್ದ ಆಟಗಾರರನ್ನು ನೋಡಿದವನು ನಾನು. ಈಗ ಫಿಸಿಯೋ ಇದ್ದಾರೆ, ಊಟಕ್ಕೆ ಲೆಕ್ಕ ಇದೆ, ಆಟ ಬಿಟ್ಟ ಮೇಲೆ ಕೋಚ್ ಆಗುವ ದಾರಿ ಇದೆ. ಕರ್ನಾಟಕದ ಬಿ.ಸಿ. ರಮೇಶ್ ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದವರು. ಆಮೇಲೆ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ನಂತರ ಪುಣೇರಿ ಪಲ್ಟನ್‌ಗೂ ಕಪ್ ಗೆದ್ದುಕೊಟ್ಟರು. ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕರಾಗಿ ಅದನ್ನು ಮೊದಲ ಸೀಸನ್ನಿನಲ್ಲೇ ಫೈನಲ್‌ಗೆ ಒಯ್ದರು. ಪ್ರಶಾಂತ್ ಕುಮಾರ್ ರೈ 2022ರ ಫೆಬ್ರವರಿಯಲ್ಲಿ ಪಟ್ನಾ ತಂಡದ ನಾಯಕರಾಗಿ ಫೈನಲ್ ಆಡಿ ಒಂದೇ ಅಂಕದಿಂದ, 36-37ರಲ್ಲಿ, ದೆಹಲಿಗೆ ಸೋತರು. ಆ ಫೈನಲ್ ನಡೆದದ್ದು ಬೆಂಗಳೂರಿನಲ್ಲೇ. ಕೋವಿಡ್ ಕಾರಣ ಇಡೀ ಸೀಸನ್ ವೈಟ್‌ಫೀಲ್ಡಿನ ಒಂದು ಹೋಟೆಲಿನೊಳಗೆ, ಪ್ರೇಕ್ಷಕರಿಲ್ಲದೆ ನಡೆದಿತ್ತು. ನಮ್ಮ ಹುಡುಗ ನಮ್ಮ ರಾಜಧಾನಿಯಲ್ಲಿ ಫೈನಲ್ ಆಡಿದ, ಚಪ್ಪಾಳೆ ಹೊಡೆಯಲು ನಮಗೆ ಒಳಗೆ ಹೋಗಲು ಆಗಲಿಲ್ಲ.

ಊರು ಅನ್ನುವ ಮಾತೂ ಈ ಲೀಗಿನಲ್ಲಿ ಬದಲಾಗಿದೆ. ಹಳ್ಳಿಯ ಪಂದ್ಯಾಟದಲ್ಲಿ ತಂಡದ ಹೆಸರೇ ಊರು, ಆಡುವವರು ಆ ಊರಿನವರು. ಬೆಂಗಳೂರು ಬುಲ್ಸ್ 2017ರಲ್ಲಿ ತನ್ನ 'ತವರಿನ' ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಗೆದ್ದಾಗ 22 ಅಂಕ ತಂದ ಪವನ್ ಸೆಹ್ರಾವತ್ ದೆಹಲಿಯವರು. ಆದರೂ ಅವತ್ತು ರಾತ್ರಿ ನಮ್ಮೂರಲ್ಲಿ ಪಟಾಕಿ ಹೊಡೆದರು. ಪವನ್‌ರನ್ನು ಈಗಲೂ ನಮ್ಮ ಹುಡುಗರು ನಮ್ಮವರೆಂದೇ ಮಾತಾಡುತ್ತಾರೆ. ಈ ಪ್ರೀತಿ ಸುಳ್ಳಲ್ಲ. ಹೆಸರು ಒಂದು ಊರಿನದ್ದು, ಅಂಕಣ ಇನ್ನೊಂದು ಊರಿನದ್ದು, ಆಟಗಾರ ಮತ್ತೊಂದು ಊರಿನವನು ಆದರೂ ಜನ ಅದನ್ನು ಸೇರಿಸಿ ತಮ್ಮದು ಮಾಡಿಕೊಳ್ಳುತ್ತಾರೆ.

ಮಕ್ಕಳ ಮಾತಿನಲ್ಲೂ ಇದು ಕೇಳುತ್ತದೆ. ಶಾಲೆಯ ಅಂಗಳದಲ್ಲಿ ಆಡುವ ಐದನೇ ಕ್ಲಾಸಿನ ಹುಡುಗ ಹಿಡಿಯುವವರ ಕೈಯಡಿ ಬಗ್ಗಿ ನುಸುಳುವುದಕ್ಕೆ 'ಡುಬ್ಕಿ' ಅನ್ನುತ್ತಾನೆ, ಒಂದೇ ಪಂದ್ಯದಲ್ಲಿ ರೈಡರ್ ಹತ್ತು ಅಂಕ ತಂದರೆ 'ಸೂಪರ್ ಟೆನ್' ಅನ್ನುತ್ತಾನೆ, ಔಟ್ ಮಾಡಿ ಬಂದು ತೊಡೆ ತಟ್ಟುತ್ತಾನೆ. ತೊಡೆ ತಟ್ಟುವುದು ನಮ್ಮ ಗರಡಿ ಮನೆಯದ್ದು, ಯಕ್ಷಗಾನದ ದುರ್ಯೋಧನನದ್ದು. ಹುಡುಗ ಕಲಿತದ್ದು ಮಾತ್ರ ಟೀವಿಯಿಂದ. ಇದನ್ನು ನೋಡಿ ನನಗೆ ಖುಷಿಯೇ ಆಗುತ್ತದೆ. ನಾನು ಓದುವಾಗ ಕಬಡ್ಡಿ ಆಡುವವನೆಂದರೆ ಕ್ರಿಕೆಟ್ ಬ್ಯಾಟ್ ಕೊಳ್ಳಲು ಗತಿ ಇಲ್ಲದವನು ಎಂದು ನೋಡುತ್ತಿದ್ದರು.

ಜಕಾರ್ತಾದ ಎರಡು ದಿನ

2018ರ ಆಗಸ್ಟ್ 23. ಜಕಾರ್ತಾ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27-18ರಿಂದ ಸೋಲಿಸಿತು. ಗುಂಪಿನ ಹಂತದಲ್ಲೇ ದಕ್ಷಿಣ ಕೊರಿಯಾ 24-23ರಿಂದ ಗೆದ್ದಿತ್ತು. ಮರುದಿನ ಮಹಿಳೆಯರ ಫೈನಲ್‌ನಲ್ಲೂ ಇರಾನ್, 27-24. ಪುರುಷರಿಗೆ ಕಂಚು, ಮಹಿಳೆಯರಿಗೆ ಬೆಳ್ಳಿ. ಪುರುಷರು 28 ವರ್ಷ ಬಿಡದೆ ಹಿಡಿದಿದ್ದ ಚಿನ್ನ ಕೈತಪ್ಪಿತು.

ಆಗ ಊರಿನ ಚಹಾದಂಗಡಿಯಲ್ಲಿ ಕೇಳಿದ ಮಾತು ಒಂದೇ: "ನಾವೇ ಕಲಿಸಿದ್ದು, ನಮ್ಮನ್ನೇ ಹೊಡೆದರು." ಅದರಲ್ಲಿ ನಿಜ ಇದೆ. ಇರಾನಿನ ಫಜೆಲ್ ಅತ್ರಾಚಲಿ 2015ರಿಂದ ಪ್ರೊ ಕಬಡ್ಡಿ ಆಡುತ್ತಿದ್ದರು. ಜಕಾರ್ತಾಕ್ಕೆ ಮೂರು ತಿಂಗಳ ಮೊದಲಷ್ಟೇ ಲೀಗಿನ ಯು ಮುಂಬಾ ತಂಡ ಅವರನ್ನು ಒಂದು ಕೋಟಿಗೆ ಕೊಂಡಿತ್ತು. ಮೆರಾಜ್ ಶೇಖ್ 2017ರಲ್ಲಿ ದೆಹಲಿ ತಂಡದ ನಾಯಕರಾಗಿದ್ದರು. ಕೊರಿಯಾದ ಜಾಂಗ್ ಕುನ್ ಲೀ ಮೊದಲ ಸೀಸನ್ನಿನಿಂದಲೂ ಬೆಂಗಾಲ್ ತಂಡದಲ್ಲಿದ್ದರು. ನಮ್ಮ ರೈಡರ್ ಯಾವ ಕಾಲು ಮೊದಲು ಇಡುತ್ತಾನೆ, ಬೋನಸ್ ಗೆರೆಯ ಹತ್ತಿರ ಯಾವಾಗ ತಿರುಗುತ್ತಾನೆ ಎಂದು ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಉಂಡು ಮಲಗಿ ತಿಳಿದುಕೊಂಡವರು ಅವರು. ಇರಾನಿನ ಮಹಿಳಾ ತಂಡದ ಕೋಚ್ ಆಗಿದ್ದವರು ನಾಸಿಕ್‌ನ ಶೈಲಜಾ ಜೈನ್.

ಹಾಗಂತ ಎಲ್ಲವನ್ನೂ ಲೀಗಿನ ತಲೆಗೆ ಕಟ್ಟುವುದು ಸರಿಯಲ್ಲ. 2014ರ ಇಂಚಾನ್ ಏಷ್ಯನ್ ಗೇಮ್ಸ್ ಫೈನಲ್ ನೆನಪಿಸಿಕೊಳ್ಳಿ. ಲೀಗ್ ಶುರುವಾಗಿ ಎರಡೇ ತಿಂಗಳಾಗಿತ್ತು. ಆಗಲೇ ಇರಾನನ್ನು ನಾವು ಸೋಲಿಸಿದ್ದು 27-25ರಲ್ಲಿ, ಬರೀ ಎರಡು ಅಂಕದಿಂದ. ಕುಸ್ತಿ ಇರಾನಿನ ಮನೆ ವಿದ್ಯೆ. ಉಸಿರು ಕಟ್ಟಿ ಆಡುವ 'ಜೂ' ಎನ್ನುವ ಆಟ ಅವರಲ್ಲೂ ಮೊದಲಿನಿಂದ ಇದೆ. ಬಾಂಗ್ಲಾದೇಶಕ್ಕಂತೂ ಕಬಡ್ಡಿ ರಾಷ್ಟ್ರೀಯ ಆಟ. ಇದು ನಮ್ಮೊಬ್ಬರದ್ದೇ ಎಂದು ನಾವು ಅಂದುಕೊಂಡದ್ದೇ ಅರ್ಧ ತಪ್ಪು. ಇರಾನಿನವರ ಕೈಯಲ್ಲಿ ಹಿಡಿತದ ಬಲ ಮೊದಲೇ ಇತ್ತು, ಲೀಗ್ ಅದಕ್ಕೆ ಅನುಭವ ಕೊಟ್ಟಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಜಕಾರ್ತಾದ ಸೋಲು ಕಬಡ್ಡಿಗೆ ಆದ ಒಳ್ಳೆಯ ಸಂಗತಿ. ಒಂದೇ ದೇಶ ಗೆಲ್ಲುವ ಆಟವನ್ನು ಹೊರಗಿನವರು ಯಾಕೆ ಕಲಿಯುತ್ತಾರೆ? ಫಜೆಲ್ ಎಡ ಮೂಲೆಯಲ್ಲಿ ಬಗ್ಗಿ ನಿಂತು ಪಾದ ಹಿಡಿಯುವ ರೀತಿಯನ್ನು ಇವತ್ತು ನಮ್ಮ ತಾಲ್ಲೂಕಿನ ಹಿಡಿತಗಾರರು ನೋಡಿ ಕಲಿಯುತ್ತಿದ್ದಾರೆ. ಕೊಟ್ಟದ್ದು ಬಡ್ಡಿ ಸೇರಿಸಿ ವಾಪಸ್ ಬಂದಿದೆ.

ಯಾರ ನಿಯಮ?

ಈ ಇಡೀ ಪ್ರಕರಣದಲ್ಲಿ ಒಂದು ಗಂಟೆಯನ್ನು ಮಾತ್ರ ಆರಿಸಿಕೊಳ್ಳಿ ಅಂದರೆ ನಾನು 2023ರ ಅಕ್ಟೋಬರ್ 7ರದ್ದನ್ನು ಆರಿಸುತ್ತೇನೆ. ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್, ಭಾರತ ಮತ್ತು ಇರಾನ್. ಆಟ ಮುಗಿಯಲು ಸ್ವಲ್ಪವೇ ಹೊತ್ತು, ಅಂಕ 28-28. ಪವನ್ ಸೆಹ್ರಾವತ್ ಡು ಆರ್ ಡೈ ರೈಡಿಗೆ ಹೋದರು. ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಅಂಕಣದ ಪಕ್ಕದ ಪಟ್ಟಿಗೆ ಕಾಲಿಟ್ಟರು. ಹಿಡಿಯಲು ಬಂದ ಇರಾನಿನವರೂ ಅವರ ಹಿಂದೆ ಅದೇ ಪಟ್ಟಿಗೆ ಇಳಿದರು.

ಮುಟ್ಟುವ ಮೊದಲು ಲಾಬಿಗೆ ಇಳಿಯಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಇಳಿದರೆ ಏನು ಎನ್ನುವುದರಲ್ಲಿ ಎರಡು ಉತ್ತರ ಇದ್ದವು. ಅಂತರರಾಷ್ಟ್ರೀಯ ಫೆಡರೇಶನ್ನಿನ ನಿಯಮದಂತೆ ಹಿಂದೆ ಇಳಿದವರೂ ಔಟ್. ಪ್ರೊ ಕಬಡ್ಡಿಯಲ್ಲಿ ಬದಲಾಯಿಸಿದ ನಿಯಮದಂತೆ ರೈಡರ್ ಒಬ್ಬನೇ ಔಟ್, ಆಟ ಅಲ್ಲಿಗೇ ನಿಲ್ಲುತ್ತದೆ. ಅಂಪೈರುಗಳು ಒಮ್ಮೆ ಹೀಗೆ ಅಂದರು, ಒಮ್ಮೆ ಹಾಗೆ. ಒಂದು ತಂಡ ಒಪ್ಪಿದರೆ ಇನ್ನೊಂದು ಅಂಕಣದಲ್ಲೇ ಕೂತುಬಿಟ್ಟಿತು. ಸುಮಾರು ಒಂದು ಗಂಟೆ ಆಟ ನಿಂತಿತ್ತು. ಕೊನೆಗೆ ಭಾರತ 33-29ರಿಂದ ಗೆದ್ದಿತು.

ಅವತ್ತು ಚಿನ್ನ ಬಂದದ್ದಕ್ಕೆ ನನಗೂ ಸಂತೋಷವಾಯಿತು. ಆದರೆ ಆ ಒಂದು ಗಂಟೆ ಮನಸ್ಸಿನಿಂದ ಹೋಗಲಿಲ್ಲ. ಅಂಕಣದಲ್ಲಿದ್ದ ಎರಡೂ ತಂಡಗಳ ಪ್ರಮುಖರು ವರ್ಷದಲ್ಲಿ ಹಲವು ತಿಂಗಳು ಲೀಗಿನ ನಿಯಮದಲ್ಲಿ ಆಡುವವರು, ಅವರ ಮೈಗೆ ಅದೇ ಹಿಡಿದಿದೆ. ದೇಶದ ಪರ ಆಡುವಾಗ ಪುಸ್ತಕ ಬೇರೆ. ಆಟದ ನಿಯಮ ಬರೆಯುವ ಕೈ ಯಾವುದು, ಫೆಡರೇಶನ್ನೋ ಪ್ರಸಾರ ಮಾಡುವ ಕಂಪನಿಯೋ? ನಮ್ಮ ಹಳ್ಳಿಯ ಅಂಪೈರಿಗೂ ಈಗ ಇದೇ ಕಷ್ಟ. ಪಂದ್ಯ ಶುರುವಾಗುವ ಮೊದಲು ಎರಡೂ ತಂಡದ ನಾಯಕರನ್ನು ಕರೆದು "ಲಾಬಿಗೆ ಯಾವ ರೂಲ್?" ಎಂದು ಕೇಳಿ ಬಾಯಿಮಾತಿನಲ್ಲಿ ಒಪ್ಪಂದ ಮಾಡಿಕೊಳ್ಳುತ್ತೇವೆ.

ಹೆಣ್ಣುಮಕ್ಕಳ ಪಾಲು

ಇಲ್ಲಿ ನನಗೆ ನಿಜವಾದ ಸಿಟ್ಟಿದೆ. ಕಾರ್ಕಳದ ಕಡೆಯ ಮಮತಾ ಪೂಜಾರಿ 2010, 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಗಳಲ್ಲಿದ್ದವರು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದಾಗ ನಾಯಕಿ ಅವರೇ. ಬೆಂಗಳೂರಿನ ತೇಜಸ್ವಿನಿ ಬಾಯಿ ಅರ್ಜುನ ಪ್ರಶಸ್ತಿ ಪಡೆದವರು. ಇವರಿಬ್ಬರಿಗೂ ದೊಡ್ಡ ಪರದೆ ಸಿಕ್ಕಿದ್ದು 2016ರಲ್ಲಿ, ಪ್ರೊ ಕಬಡ್ಡಿ ಜೊತೆಗೇ ನಡೆದ ಮಹಿಳಾ ಕಬಡ್ಡಿ ಚಾಲೆಂಜ್‌ನಲ್ಲಿ. ಬರೀ ಮೂರು ತಂಡ. ಫೈನಲ್‌ನಲ್ಲಿ ತೇಜಸ್ವಿನಿಯವರ ಸ್ಟಾರ್ಮ್ ಕ್ವೀನ್ಸ್ ಮಮತಾ ಅವರ ಫೈರ್ ಬರ್ಡ್ಸ್ ತಂಡವನ್ನು 24-23ರಿಂದ ಸೋಲಿಸಿತು. ನಾಯಕಿಯರಿಬ್ಬರೂ ಕನ್ನಡ ನಾಡಿನವರು, ಅಂತರ ಒಂದು ಅಂಕ. ಇದಕ್ಕಿಂತ ಒಳ್ಳೆಯ ಪಂದ್ಯ ಯಾರು ಕೇಳುತ್ತಾರೆ? ಮರುವರ್ಷ ಪುರುಷರ ಲೀಗ್ ಎಂಟರಿಂದ ಹನ್ನೆರಡು ತಂಡಕ್ಕೆ ಬೆಳೆಯಿತು. ಮಹಿಳೆಯರ ಚಾಲೆಂಜ್ ಆ ಒಂದು ವರ್ಷಕ್ಕೇ ನಿಂತಿತು.

2025ರ ನವೆಂಬರಿನಲ್ಲಿ ಢಾಕಾದಲ್ಲಿ ನಮ್ಮ ಮಹಿಳೆಯರು ಚೈನೀಸ್ ತೈಪೇಯನ್ನು 35-28ರಿಂದ ಸೋಲಿಸಿ ಮತ್ತೆ ವಿಶ್ವಕಪ್ ಗೆದ್ದರು. ಆಟ ಅವರ ಹತ್ತಿರ ಇದೆ, ಗೆಲುವೂ ಇದೆ. ಕೋಟಿ ರೂಪಾಯಿಯ ಹರಾಜು ಮಾತ್ರ ಗಂಡುಮಕ್ಕಳದ್ದು. ಜಗತ್ತಿನ ದುಡ್ಡು ಒಂದು ಆಟದೊಳಗೆ ಬರುವಾಗ ಯಾವ ಬಾಗಿಲಿನಿಂದ ಬರುತ್ತದೆ, ಯಾವ ಬಾಗಿಲು ಮುಚ್ಚಿಯೇ ಇರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ಹೋದ ವರ್ಷ ನಮ್ಮ ಹತ್ತಿರದ ಊರಿನ ಒಂದು ಪ್ರೊ ಮಾದರಿಯ ಪಂದ್ಯಾಟದಲ್ಲಿ ಹುಡುಗಿಯರ ಪ್ರದರ್ಶನ ಪಂದ್ಯ ಇಟ್ಟಿದ್ದರು. ಗಂಡುಮಕ್ಕಳ ಸೆಮಿಫೈನಲ್ ಎಳೆದಾಡಿ ಅದು ಶುರುವಾಗುವಾಗ ರಾತ್ರಿ ಒಂದೂವರೆ. ಡಿಜೆಯವನು ಮಲಗಿಬಿಟ್ಟಿದ್ದ, ವೀಕ್ಷಕ ವಿವರಣೆ ಕೊಡುವವರು ಚಹಾ ಕುಡಿಯಲು ಹೋಗಿದ್ದರು. ಜನರಲ್ಲಿ ಅರ್ಧಕ್ಕರ್ಧ ಎದ್ದು ಹೋಗಿದ್ದರು. ನಾನು ಹಾಳೆ ಹಿಡಿದು ಕೂತೆ. ಹೈಸ್ಕೂಲಿನ ಒಂದು ಹುಡುಗಿ ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಹೋದಳು. ಮೈಕು ಇಲ್ಲ, ಹಾಡು ಇಲ್ಲ. ಕಬಡ್ಡಿ ಕಬಡ್ಡಿ ಕಬಡ್ಡಿ ಎಂದು ಅವಳ ದನಿ ಇಡೀ ಗದ್ದೆಗೆ ಕೇಳುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮಾವ ತಲೆ ಎತ್ತಿದರು. ಮೇಜಿನ ಮೇಲಿನ ಗಡಿಯಾರ ಇಪ್ಪತ್ತೆಂಟಕ್ಕೆ ಬಂದಿತ್ತು. ಅವಳ ದನಿ ಇನ್ನೂ ತೇಲಿರಲಿಲ್ಲ.